ಬರದ ಎದುರು ಕ್ಯಾಮೆರಾ ಇಟ್ಟವನು: ಕರ್ನಲ್ ಹೂಪರ್

ಆ ಫೋಟೋವನ್ನು ನೀವೆಲ್ಲ ಒಂದಲ್ಲ ಒಂದು ಸಲ ನೋಡಿರ್ತೀರ. ಎಲುಬಿಗೆ ಚರ್ಮ ಅಂಟಿಸಿದ ಹಾಗಿರುವ ಒಂದು ಗುಂಪು ಜನ. ಕೆಲವರು ಕೂತಿದ್ದಾರೆ, ಕೆಲವರು ನೆಲದ ಮೇಲೆ ಒರಗಿದ್ದಾರೆ. ಮಕ್ಕಳ ತಲೆ ದೊಡ್ಡದಾಗಿ, ಕೈಕಾಲು ಕಡ್ಡಿಯ ಹಾಗೆ ಕಾಣುತ್ತೆ. ಎಲ್ಲರೂ ನೇರವಾಗಿ ಕ್ಯಾಮೆರಾ ಕಡೆಗೇ ನೋಡ್ತಿದ್ದಾರೆ. ಬ್ರಿಟಿಷರ ಕಾಲದ ಬರಗಾಲದ ಬಗ್ಗೆ ಯಾವ ವೀಡಿಯೋ ಬಂದ್ರೂ, ಯಾವ ಪೋಸ್ಟ್ ಬಂದ್ರೂ ಈ ಫೋಟೋಗಳಲ್ಲಿ ಒಂದಾದ್ರೂ ಇರುತ್ತೆ. ಎಷ್ಟೋ ಸಲ 1943ರ ಬಂಗಾಳದ ಬರ ಅಂತ ತಪ್ಪು ಹೆಸರು ಹಾಕಿ ಹಂಚ್ತಾರೆ. ನಿಜಕ್ಕೂ ಇವು ಅದಕ್ಕಿಂತ 65 ವರ್ಷಕ್ಕೂ ಹಿಂದಿನವು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಖಾಲಿ ಮಾಡಿದ ಮಹಾಕ್ಷಾಮದ ಚಿತ್ರಗಳು. ತೆಗೆದವನು ಮದ್ರಾಸ್ ಸೈನ್ಯದ ಒಬ್ಬ ಅಧಿಕಾರಿ, ವಿಲೋಬಿ ವ್ಯಾಲೇಸ್ ಹೂಪರ್.

ಫೋಟೋಗ್ರಫಿ ಇತಿಹಾಸದ ಪುಸ್ತಕಗಳಲ್ಲಿ ಹೂಪರ್ ದೊಡ್ಡ ಹೆಸರು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ನಮ್ಮ ಕಡೆಯವರಿಗೆ, ಅಂದ್ರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ, ಈ ಮನುಷ್ಯನ ಕಥೆ ಗೊತ್ತಿರಬೇಕು ಅಂತ ನನಗೆ ಅನ್ಸುತ್ತೆ. ಬರ ಅಂದ್ರೆ ಏನು ಅಂತ ನಮಗೆ ಯಾರೂ ಡೆಫಿನಿಷನ್ ಕೊಡಬೇಕಾಗಿಲ್ಲ. ಕೆರೆ ಒಣಗಿದ ವರ್ಷ, ಟ್ಯಾಂಕರ್ ಬಂದ ವರ್ಷ, ಗೋಶಾಲೆ ತೆರೆದ ವರ್ಷ ಅಂತಲೇ ನಮ್ಮ ಮನೆಗಳಲ್ಲಿ ವರ್ಷಗಳನ್ನು ಗುರುತು ಇಟ್ಟುಕೊಳ್ತಾರೆ. ಆ ಎಲ್ಲಾ ಬರಗಳ ಅಪ್ಪ ಇದ್ದ ಹಾಗೆ ಒಂದು ಬರ ಇತ್ತು. ಅದರ ಮುಖ ಹೇಗಿತ್ತು ಅಂತ ಪ್ರಪಂಚಕ್ಕೆ ತೋರಿಸಿದವನು ಈ ಹೂಪರ್. ಹಾಗಾದ್ರೆ ಆತ ನಮಗೆ ಉಪಕಾರ ಮಾಡಿದನಾ ಇಲ್ವಾ? ಓದಿ, ಆಮೇಲೆ ನೀವೇ ಹೇಳಿ.

ಗುಮಾಸ್ತನಿಂದ ಕುದುರೆ ಸವಾರನವರೆಗೆ

ಹೂಪರ್ ಹುಟ್ಟಿದ್ದು 1837ರಲ್ಲಿ, ಲಂಡನ್ ಹತ್ತಿರದ ಕೆನ್ನಿಂಗ್ಟನ್ ಅನ್ನೋ ಜಾಗದಲ್ಲಿ. ಇನ್ನೆರಡೇ ವರ್ಷಕ್ಕೆ, 1839ರಲ್ಲಿ, ಫ್ರಾನ್ಸಿನಲ್ಲಿ ಡಾಗೇರ್ ತನ್ನ ಫೋಟೋ ವಿಧಾನವನ್ನು ಜಗತ್ತಿಗೆ ಹೇಳಿದ. ಅಂದ್ರೆ ಹೂಪರ್ ಮತ್ತು ಫೋಟೋಗ್ರಫಿ ಹೆಚ್ಚು ಕಡಿಮೆ ಒಟ್ಟಿಗೇ ಬೆಳೆದ ಇಬ್ಬರು. ಓದು ಮುಗಿದ ಮೇಲೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ. 1857ರ ದಂಗೆ ಆದ ಮಾರನೇ ವರ್ಷ, 1858ರಲ್ಲಿ, ಇಂಡಿಯಾಗೆ ಬಂದು ಏಳನೇ ಮದ್ರಾಸ್ ಲೈಟ್ ಕ್ಯಾವಲ್ರಿ ಅನ್ನೋ ಕುದುರೆ ದಳ ಸೇರಿದ. ಆಗ ವಯಸ್ಸು 21, ಅಂದ್ರೆ ನಮ್ಮ ಸೀನಿಯರ್‌ಗಳ ವಯಸ್ಸು.

ದಂಗೆ ಮುಗಿದ ಮೇಲೆ ಬ್ರಿಟಿಷರಿಗೆ ಒಂದು ಭಯ ಉಳಿದುಕೊಂಡಿತ್ತು. ಇಷ್ಟು ದೊಡ್ಡ ದೇಶ ಆಳ್ತಿದ್ದೀವಿ, ಇಲ್ಲಿನ ಜನ ಯಾರು ಅಂತಲೇ ನಮಗೆ ಸರಿಯಾಗಿ ಗೊತ್ತಿಲ್ವಲ್ಲ ಅನ್ನೋ ಭಯ. ಆಗಿನ ವೈಸರಾಯ್ ಲಾರ್ಡ್ ಕ್ಯಾನಿಂಗ್‌ಗೂ ಅವನ ಹೆಂಡತಿಗೂ ಫೋಟೋ ಸಂಗ್ರಹದ ಆಸೆ ಇತ್ತು. ಅದು ಬೆಳೆದು ಸರ್ಕಾರಿ ಯೋಜನೆಯೇ ಆಯ್ತು. ದೇಶದ ಜಾತಿ, ಬುಡಕಟ್ಟು, ಕಸುಬುಗಳ ಜನರ ಫೋಟೋ ತೆಗೆದು ಕಳಿಸಿ ಅಂತ ಕ್ಯಾಮೆರಾ ಗೊತ್ತಿದ್ದ ಅಧಿಕಾರಿಗಳಿಗೆ ಹೇಳಲಾಯ್ತು. ಅವೆಲ್ಲ ಸೇರಿ ದಿ ಪೀಪಲ್ ಆಫ್ ಇಂಡಿಯಾ ಅನ್ನೋ ಹೆಸರಲ್ಲಿ 1868ರಿಂದ 1875ರ ತನಕ ಎಂಟು ಸಂಪುಟ ಬಂತು. 450ಕ್ಕೂ ಹೆಚ್ಚು ಫೋಟೋ. ಅದಕ್ಕೆ ಮಧ್ಯ ಭಾರತದ ಕಡೆಯಿಂದ ಚಿತ್ರ ಕಳಿಸಿದವರಲ್ಲಿ ನಮ್ಮ ಹೂಪರ್ ಕೂಡ ಒಬ್ಬ.

ಇಲ್ಲಿ ಒಂದು ವಿಷಯ ಗಮನಿಸಿ. ಆ ಸಂಪುಟಗಳಲ್ಲಿ ಜನರಿಗೆ ಸಾಮಾನ್ಯವಾಗಿ ಹೆಸರಿಲ್ಲ. ಇಂಥ ಜಾತಿಯವ, ಇಂಥ ಕಸುಬಿನವಳು, ಇವರ ಗುಣ ಇಂಥದ್ದು ಅಂತ ಕೆಳಗೆ ಬರೆದಿರ್ತಾರೆ. ಮ್ಯೂಸಿಯಂನಲ್ಲಿ ಚಿಟ್ಟೆಗೆ ಪಿನ್ ಚುಚ್ಚಿ ಲೇಬಲ್ ಅಂಟಿಸ್ತಾರಲ್ಲ, ಹಾಗೆ. ಹೂಪರ್ ಕ್ಯಾಮೆರಾ ಕಲಿತ ಸ್ಕೂಲು ಇದು. ಮನುಷ್ಯನನ್ನು ಮಾದರಿಯಾಗಿ ನೋಡೋ ಸ್ಕೂಲು. ಮುಂದೆ ಆತ ಏನು ಮಾಡಿದ ಅನ್ನೋದಕ್ಕೆ ಇದರಲ್ಲೇ ಅರ್ಧ ಉತ್ತರ ಇದೆ.

ಗಾಜಿನ ಮೇಲಿನ ಲ್ಯಾಬ್

ಈಗ ಸ್ವಲ್ಪ ಟೆಕ್ನಿಕಲ್ ಆಗೋಣ, ಎಷ್ಟಾದ್ರೂ ಇಂಜಿನಿಯರಿಂಗ್ ಕಾಲೇಜು. ಹೂಪರ್ ಕಲಿತ ಕಾಲದ ಫೋಟೋಗ್ರಫಿ ಅಂದ್ರೆ ವೆಟ್ ಕೊಲೋಡಿಯನ್ ವಿಧಾನ. ಒಂದು ಗಾಜಿನ ಹಲಗೆ ತಗೊಂಡು ಅದರ ಮೇಲೆ ಕೊಲೋಡಿಯನ್ ಅನ್ನೋ ಅಂಟುದ್ರವ ಹರಡಬೇಕು. ಹತ್ತಿಯನ್ನು ನೈಟ್ರಿಕ್ ಆಸಿಡ್, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದಿದ್ರೆ ಗನ್ ಕಾಟನ್ ಸಿಗುತ್ತೆ. ಅದನ್ನು ಈಥರ್ ಮತ್ತು ಆಲ್ಕೋಹಾಲ್‌ನಲ್ಲಿ ಕರಗಿಸಿ, ಅಯೋಡೈಡ್ ಸೇರಿಸಿದ್ರೆ ಈ ದ್ರವ ತಯಾರು. ಆಮೇಲೆ ಕತ್ತಲೆಯಲ್ಲಿ ಆ ಗಾಜನ್ನು ಸಿಲ್ವರ್ ನೈಟ್ರೇಟ್‌ನಲ್ಲಿ ಮುಳುಗಿಸಬೇಕು. ಗಾಜು ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ, ಚಿತ್ರ ತೆಗೆದು, ಮತ್ತೆ ಕತ್ತಲೆ ಡೇರೆಗೆ ಓಡಿ ಡೆವಲಪ್ ಮಾಡಬೇಕು. ಎಲ್ಲಾ ಹತ್ತು ಹದಿನೈದು ನಿಮಿಷದ ಒಳಗೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಈಥರ್ ಎಷ್ಟು ಬೇಗ ಹಾರಿಹೋಗುತ್ತೆ ಅಂತ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಹೀಗಾಗಿ ಫೋಟೋಗ್ರಾಫರ್ ಎಲ್ಲಿ ಹೋದ್ರೂ ಅವನ ಹಿಂದೆ ಡೇರೆ, ಗಾಜು, ಬಾಟಲಿ, ನೀರು, ಮೂರು ಕಾಲಿನ ಸ್ಟ್ಯಾಂಡು, ಇವನ್ನೆಲ್ಲ ಹೊರೋ ಆಳುಗಳು ಹೋಗಬೇಕಿತ್ತು. ಇನ್ನು ಎಕ್ಸ್‌ಪೋಷರ್ ಅಂದ್ರೆ ಸೆಕೆಂಡುಗಟ್ಟಲೆ. ಎದುರಿಗಿರುವವರು ಅಲುಗಾಡುವ ಹಾಗಿಲ್ಲ. ಅಲುಗಾಡಿದ್ರೆ ಮುಖ ಮಂಜು ಮಂಜು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಜೋಡಿಸಿದ ಹುಲಿ ಬೇಟೆ

1870ರ ಹೊತ್ತಿಗೆ ಹೂಪರ್‌ಗೆ ಒಬ್ಬ ಪಾರ್ಟ್ನರ್ ಸಿಕ್ಕ. ಜಾರ್ಜ್ ವೆಸ್ಟರ್ನ್, ಸೈನ್ಯದ ಪಶುವೈದ್ಯ. ಹೂಪರ್ ಅಂಡ್ ವೆಸ್ಟರ್ನ್ ಅನ್ನೋ ಹೆಸರಲ್ಲಿ ಇಬ್ಬರೂ ಸೇರಿ ಚಿತ್ರಗಳ ಸೆಟ್ ಮಾಡಿದ್ರು. ವಿಷಯ ದಿನನಿತ್ಯದ ಜೀವನ: ಕಸುಬುಗಳು, ಆಳುಕಾಳುಗಳು, ಸೈನ್ಯದ ಅಧಿಕಾರಿಗೆ ಸುತ್ತ ನಿಂತು ಸೇವೆ ಮಾಡ್ತಿರೋ ನೌಕರರು. ಆ ಸೇವೆಯ ಚಿತ್ರ ಇವತ್ತು ವಸಾಹತುಶಾಹಿ ಬಗ್ಗೆ ಬರೆಯೋ ಎಷ್ಟೋ ಪುಸ್ತಕಗಳಲ್ಲಿ ಕಾಣಿಸುತ್ತೆ. ಹೂಪರ್‌ಗೆ ಅದು ಮನೆಯ ನಿತ್ಯದ ದೃಶ್ಯ. ನಮಗೆ ಅದನ್ನು ನೋಡಿದ್ರೆ ಬೇರೆಯೇ ಕಥೆ ಕಾಣುತ್ತೆ. ಒಂದೇ ಚಿತ್ರ, ಆದ್ರೆ ನೋಡೋರು ಬದಲಾದ ಹಾಗೆ ಕಥೆ ಬದಲಾಗುತ್ತೆ. ಫೋಟೋದ ಶಕ್ತಿ ಅಂದ್ರೆ ಇದೂ ಒಂದು. ತೆಗೆದವನು ಹೇಳಬೇಕು ಅಂದುಕೊಂಡದ್ದಕ್ಕಿಂತ ಜಾಸ್ತಿಯನ್ನು ಅದು ಹೇಳಿಬಿಡುತ್ತೆ.

ಅವರ ಇನ್ನೊಂದು ಫೇಮಸ್ ಸೆಟ್ ಅಂದ್ರೆ ಹುಲಿ ಬೇಟೆ. ಸುಮಾರು ಒಂದು ಡಜನ್ ಚಿತ್ರ, ಕ್ರಮವಾಗಿ. ಹುಲಿ ಇದೆ ಅನ್ನೋ ಸುದ್ದಿ ಬರೋದು, ಹೊರಡೋದು, ಹುಲಿ ಎದುರಾಗೋದು, ಗುಂಡು, ಸತ್ತ ಹುಲಿಯನ್ನು ಡೇರೆಗೆ ತರೋದು, ಚರ್ಮ ಸುಲಿಯೋದು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಫೋಟೋ ಸ್ಟೋರಿ. ಒಂದೊಂದೇ ಚಿತ್ರ ಸ್ವೈಪ್ ಮಾಡ್ತಾ ಕಥೆ ಓದೋ ಹಾಗೆ. ಆದ್ರೆ ಆ ಕಾಲದ ಎಕ್ಸ್‌ಪೋಷರ್‌ನಲ್ಲಿ ನೆಗೆಯೋ ಹುಲಿಯನ್ನು ಹಿಡಿಯೋದು ಆಗದ ಮಾತು. ಎಲ್ಲವನ್ನೂ ನಾಟಕದ ಹಾಗೆ ಜೋಡಿಸಿಯೇ ತೆಗೆದದ್ದು. ಕಥೆ ಹೇಳೋದಕ್ಕೆ ದೃಶ್ಯವನ್ನು ಹೊಂದಿಸಬೇಕು ಅನ್ನೋದನ್ನು ಹೂಪರ್ ಇಲ್ಲಿ ಪಕ್ಕಾ ಕಲಿತ.

ಧಾತು ಈಶ್ವರದ ಬರ

ಆಮೇಲೆ ಬಂತು 1876. ನಮ್ಮ ಪಂಚಾಂಗದ ಲೆಕ್ಕದಲ್ಲಿ ಧಾತು ಸಂವತ್ಸರ. ಅದರ ಮುಂದಿನದು ಈಶ್ವರ ಸಂವತ್ಸರ. ಅದಕ್ಕೇ ಕನ್ನಡದಲ್ಲಿ ಇದನ್ನು ಧಾತು ಈಶ್ವರದ ಬರ ಅಂತ ಕರೀತಾರೆ. ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. ಮಾರನೇ ವರ್ಷ ಮಳೆ ಬರೋಷ್ಟರಲ್ಲಿ ಸೆಪ್ಟೆಂಬರ್. ಮೈಸೂರು ಸೀಮೆ, ಬಳ್ಳಾರಿ, ಕಡಪ, ಮದ್ರಾಸ್, ಮುಂಬೈ ಕರ್ನಾಟಕ, ಹೈದರಾಬಾದ್ ಎಲ್ಲಾ ಕಡೆ ಒಂದೇ ಕಥೆ. ದಕ್ಷಿಣದಲ್ಲಿ ಒಟ್ಟು 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅನ್ನೋದು ಚರಿತ್ರೆಕಾರರ ಲೆಕ್ಕ.

ಮೈಸೂರು ಆಗ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಮತ್ತೆ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷಕ್ಕೆ ಬೆಳೀಬೇಕಾಗಿದ್ದ ಸಂಖ್ಯೆ 8 ಲಕ್ಷ 69 ಸಾವಿರ ಇಳಿದುಹೋಗಿತ್ತು. ಬರಕ್ಕೆ ಮುಂಚಿನ ವರ್ಷಗಳಲ್ಲಿ ಹುಟ್ಟಿದವರನ್ನೂ ಲೆಕ್ಕ ಹಾಕಿದ್ರೆ ಸತ್ತವರು ಹತ್ತು ಲಕ್ಷದ ಹತ್ತಿರ, ಅಂದ್ರೆ ಐದು ಜನರಲ್ಲಿ ಒಬ್ಬರು. ನಿಮ್ಮ ಕ್ಲಾಸಿನಲ್ಲಿ 60 ಜನ ಇದ್ರೆ 12 ಬೆಂಚಿನ ಜಾಗ ಖಾಲಿ ಅಂದುಕೊಳ್ಳಿ. ಪೂರ್ವದ ಬಯಲುಸೀಮೆಗೆ ಅತಿ ಹೆಚ್ಚು ಏಟು ಬಿತ್ತು. ತುಮಕೂರು, ಕೋಲಾರ, ಚಿತ್ರದುರ್ಗದ ಸೀಮೆ. ಮಧುಗಿರಿ, ಪಾವಗಡ ಇರೋದೇ ಈ ಸೀಮೆಯ ನಡುವೆ. ಪಾವಗಡದ ಸುತ್ತ ಇರೋ ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಭಾಗ. ಗಡಿಯ ಈಚೆ ಮೈಸೂರು, ಆಚೆ ಮದ್ರಾಸ್. ಹಸಿವಿಗೆ ಗಡಿ ಇರಲಿಲ್ಲ.

ಮಳೆ ಬರದೇ ಇದ್ದದ್ದು ಆಕಾಶದ ತಪ್ಪು ಅಂತ ಇಟ್ಟುಕೊಳ್ಳೋಣ. ಮುಂದಿನದು ಮನುಷ್ಯರ ಲೆಕ್ಕಾಚಾರ. ಇಲ್ಲಿ ಜನ ಸಾಯ್ತಿದ್ರೂ ಇಂಡಿಯಾದಿಂದ ಧಾನ್ಯ ರಫ್ತಾಗೋದು ನಿಲ್ಲಲಿಲ್ಲ. ವ್ಯಾಪಾರದಲ್ಲಿ ಸರ್ಕಾರ ತಲೆ ಹಾಕಬಾರದು ಅನ್ನೋದು ಆಗಿನ ವೈಸರಾಯ್ ಲಿಟ್ಟನ್‌ನ ನಂಬಿಕೆ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಗೆ ಸಾಮ್ರಾಜ್ಞಿ ಪಟ್ಟ ಅಂತ ಭಾರೀ ದರ್ಬಾರು ನಡೀತು. ಅದೇ ತಿಂಗಳು ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿಯನ್ನು ಖರ್ಚು ಕಡಿಮೆ ಮಾಡೋಕೆ ದಕ್ಷಿಣಕ್ಕೆ ಕಳಿಸಿದ್ರು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯೋ, ಮಣ್ಣು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದು ಆಣೆ ಸಾಕು ಅಂತ ಆತ ನಿಗದಿ ಮಾಡಿದ. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಅಕ್ಕಿ ಅಂತ ಲೆಕ್ಕ ಹಾಕಿದ್ರೆ ಸುಮಾರು 1,600 ಕ್ಯಾಲರಿ. ಇಡೀ ದಿನ ಫ್ಯಾನ್ ಕೆಳಗೆ ಕೂತು ಲೆಕ್ಚರ್ ಕೇಳೋ ಹುಡುಗನಿಗೇ ಅದು ಸಾಲದು. ಮದ್ರಾಸಿನ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಕಡುವಾಗಿ ವಿರೋಧಿಸಿದ. ಇಷ್ಟರಲ್ಲಿ ದುಡಿಯೋ ಮನುಷ್ಯ ಬದುಕಲ್ಲ, ಬೇಳೆ ತರಕಾರಿ ಇರಲೇಬೇಕು ಅಂತ ವಾದ ಮಾಡಿದ. ಒಂದೇ ಸರ್ಕಾರದ ಇಬ್ಬರು ಅಧಿಕಾರಿಗಳು, ಒಬ್ಬನ ಕೈಯಲ್ಲಿ ಖಜಾನೆಯ ಲೆಕ್ಕ, ಇನ್ನೊಬ್ಬನ ಕೈಯಲ್ಲಿ ದೇಹದ ಲೆಕ್ಕ. ಈ ಜಗಳ ನಡೀತಿದ್ದಾಗಲೇ ಹೂಪರ್ ತನ್ನ ಕ್ಯಾಮೆರಾ ಹೊರಗೆ ತೆಗೆದ.

ಅಲುಗಾಡದೆ ಕೂತವರು

ಹೂಪರ್ ಚಿತ್ರ ತೆಗೆದದ್ದು ಮದ್ರಾಸ್ ಕಡೆಯ ಬರಪೀಡಿತರನ್ನು, ಪರಿಹಾರ ಶಿಬಿರಗಳಿಗೆ ಬಂದವರನ್ನು. ಗುಂಪು ಗುಂಪಾಗಿ ಕೂರಿಸಿ, ಗಂಡಸರು, ಹೆಂಗಸರು, ಮಕ್ಕಳು ಎಲ್ಲರ ದೇಹ ಪೂರ್ತಿ ಕಾಣೋ ಹಾಗೆ ಹೊಂದಿಸಿ ತೆಗೆದ. ಪೀಪಲ್ ಆಫ್ ಇಂಡಿಯಾದಲ್ಲಿ ಕಲಿತ ಶಿಸ್ತು ಅದು: ಮಾದರಿ ಸ್ಪಷ್ಟವಾಗಿ ಕಾಣಬೇಕು. ಹುಲಿ ಬೇಟೆಯಲ್ಲಿ ಕಲಿತ ಶಿಸ್ತು ಇನ್ನೊಂದು: ದೃಶ್ಯ ಕಥೆ ಹೇಳಬೇಕು. ಚಿತ್ರಗಳಿಗೆ ಶೀರ್ಷಿಕೆಯೂ ಇತ್ತು. ಒಂದರ ಕೆಳಗೆ ಇವರು ಪುಕ್ಕಟೆ ಪರಿಹಾರಕ್ಕೆ ಅರ್ಹ ವಸ್ತುಗಳು ಅನ್ನೋ ಅರ್ಥದ ಮಾತಿದೆ. ಓದಿದ್ರೆ ಇದು ವ್ಯಂಗ್ಯವೋ, ಬರೀ ಸರ್ಕಾರಿ ಭಾಷೆಯೋ ಅಂತ ಮೈ ಜುಂ ಅನ್ನುತ್ತೆ.

ಈಗ ಎಕ್ಸ್‌ಪೋಷರ್ ಮಾತು ನೆನಪು ಮಾಡಿಕೊಳ್ಳಿ. ನೆಟ್ಟಗೆ ಕೂರೋಕೂ ಶಕ್ತಿ ಇಲ್ಲದ ಜನರನ್ನು ಒಂದು ಕಡೆ ಸೇರಿಸಬೇಕು, ಕೂರಿಸಬೇಕು, ಒರಗಿಸಬೇಕು, ಲೆನ್ಸ್ ಕಡೆ ನೋಡಿಸಬೇಕು, ಆಮೇಲೆ ಅಲುಗಾಡದೆ ಇರಿಸಬೇಕು. ಮುಖಗಳು ಅಷ್ಟು ಶಾರ್ಪ್ ಆಗಿ ಬಂದಿವೆ. ಅಂದ್ರೆ ಅವರು ಅಲುಗಾಡಲಿಲ್ಲ. ಹಸಿವು ಒಂದು ಹಂತ ದಾಟಿದ ಮೇಲೆ ಮಕ್ಕಳು ಅಳೋದನ್ನೂ ನಿಲ್ಲಿಸ್ತಾರಂತೆ. ಆ ಫೋಟೋಗಳ ಸ್ಪಷ್ಟತೆಯನ್ನು ನೋಡಿದಾಗೆಲ್ಲ ನನಗೆ ಇದೇ ಹೊಳೆಯೋದು. ಟೆಕ್ನಿಕಲಿ ಫೋಟೋ ಚೆನ್ನಾಗಿ ಬರೋಕೆ ಆ ಜನರ ನಿಶ್ಶಕ್ತಿಯೂ ಒಂದು ಕಾರಣ.

ಹೂಪರ್ ಬೆನ್ನಿಗೆ ಒಂದು ಆಪಾದನೆ ಅಂಟಿಕೊಂಡದ್ದೂ ಇಲ್ಲೇ. ಈತ ಹಸಿದವರನ್ನು ಕರೆಸಿ, ಸಾಲಾಗಿ ಕೂರಿಸಿ, ಫೋಟೋ ಹಿಡಿದುಕೊಂಡು, ಒಂದು ಹಿಡಿ ಅನ್ನವನ್ನೂ ಕೊಡದೆ ವಾಪಸ್ ಕಳಿಸಿದ ಅನ್ನೋದು ಆ ಆಪಾದನೆ. ಇವತ್ತಿಗೂ ಈತನ ಬಗ್ಗೆ ಬರೆಯೋರೆಲ್ಲ ಇದನ್ನು ಎತ್ತೇ ಎತ್ತುತ್ತಾರೆ.

ಲಂಡನ್ನಿಗೆ ಹೋದ ಹಸಿವು

ಈಗ ಇನ್ನೊಂದು ಮುಖ ನೋಡಿ. ಆಗಿನ ಪತ್ರಿಕೆಗಳಿಗೆ ಫೋಟೋವನ್ನು ಇದ್ದ ಹಾಗೆ ಪ್ರಿಂಟ್ ಮಾಡೋ ತಂತ್ರ ಇರ್ಲಿಲ್ಲ. ಚುಕ್ಕಿ ಚುಕ್ಕಿಯಾಗಿ ಒಡೆದು ಅಚ್ಚು ಹಾಕೋ ಹಾಫ್‌ಟೋನ್ ವಿಧಾನ ಅಮೆರಿಕದ ದಿನಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡದ್ದು 1880ರಲ್ಲಿ. ಅದಕ್ಕೂ ಮುಂಚೆ ಫೋಟೋ ನೋಡಿಕೊಂಡು ಕುಶಲಕರ್ಮಿಗಳು ಮರದ ಅಚ್ಚು ಕೆತ್ತಬೇಕು, ಅದನ್ನು ಪತ್ರಿಕೆಯಲ್ಲಿ ಒತ್ತಬೇಕು. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್, ಗ್ರಾಫಿಕ್ ಇಂಥ ಪತ್ರಿಕೆಗಳು ಹಾಗೇ ನಡೀತಿದ್ದವು. 1877ರ ಅಕ್ಟೋಬರ್ 20ರ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾಯ್ತಿರೋ ಜನರ ಚಿತ್ರ ಬಂತು. ನಮ್ಮ ಬೆಂಗಳೂರು, ನಮ್ಮ ಕಡೆಯಿಂದಲೂ ಜನ ಗುಳೆ ಹೋಗೋ ಬೆಂಗಳೂರು, ಲಂಡನ್ನಿನ ಡ್ರಾಯಿಂಗ್ ರೂಮಿನ ಟೇಬಲ್ ಮೇಲೆ.

ಮದ್ರಾಸ್ ಟೈಮ್ಸ್ ಸಂಪಾದಕ ವಿಲಿಯಂ ಡಿಗ್ಬಿ ಹಣ ಸಂಗ್ರಹಿಸಿ ಅಂತ ಇಂಗ್ಲೆಂಡಿಗೆ ಒತ್ತಾಯ ಮಾಡ್ತಿದ್ದ. ಲಂಡನ್ ಮೇಯರ್ ನೇತೃತ್ವದ ನಿಧಿಗೆ ಲಕ್ಷಾಂತರ ಪೌಂಡ್ ಬಂತು. ಅದೇ ಡಿಗ್ಬಿ 1878ರಲ್ಲಿ ಈ ಬರದ ಬಗ್ಗೆ ಎರಡು ಸಂಪುಟದ ಪುಸ್ತಕ ತಂದ. ಆಮೇಲೆ ಸರ್ಕಾರ ಕ್ಷಾಮ ಆಯೋಗ ಮಾಡಿತು. 1880ರಲ್ಲಿ ಅದರ ವರದಿ ಬಂತು, ಅದರಿಂದ ಕ್ಷಾಮ ಸಂಹಿತೆ ಹುಟ್ಟಿತು. ಬರ ಬಂದಾಗ ಯಾವ ಹಂತದಲ್ಲಿ ಏನು ಮಾಡಬೇಕು, ಯಾರಿಗೆ ಕೆಲಸ ಕೊಡಬೇಕು, ಯಾರಿಗೆ ಗಂಜಿ ಕೊಡಬೇಕು ಅನ್ನೋ ನಿಯಮಗಳ ಪಟ್ಟಿ. ಇವತ್ತು ತಹಶೀಲ್ದಾರ್ ಕಚೇರಿಯಲ್ಲಿ ಬರಪೀಡಿತ ತಾಲ್ಲೂಕು ಅಂತ ಘೋಷಣೆ ಮಾಡ್ತಾರಲ್ಲ, ಅದರ ಮುತ್ತಜ್ಜ ಅದು. ಇದೆಲ್ಲ ಒಬ್ಬನ ಫೋಟೋದಿಂದ ಆಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕಾರ್ನಿಷ್‌ನ ಅಂಕಿಅಂಶ, ಡಿಗ್ಬಿಯ ಬರಹ, ಅಧಿಕಾರಿಗಳ ವರದಿ ಎಲ್ಲಾ ಸೇರಿ ಆದದ್ದು. ಆದ್ರೆ ಆ ವರದಿಗಳನ್ನು ಇವತ್ತು ಓದೋರು ಎಷ್ಟು ಜನ? ಫೋಟೋ ಮಾತ್ರ ಇನ್ನೂ ಓಡಾಡ್ತಿದೆ.

ಮೈಸೂರಿನ ಕಥೆಯನ್ನೂ ಹೇಳಿಬಿಡ್ತೀನಿ. ಬೆಂಗಳೂರು-ಮೈಸೂರು ರೈಲು ದಾರಿಯ ಕೆಲಸ ಶುರುವಾದದ್ದು ಈ ಬರದ ಪರಿಹಾರ ಕಾಮಗಾರಿಯಾಗಿ. ಮುಂದಿನ ಸಲ ಆ ರೈಲಲ್ಲಿ ಕೂತಾಗ, ಕೆಳಗಿನ ಮಣ್ಣನ್ನು ಹಸಿದವರು ಹೊತ್ತು ಹಾಕಿದ್ದು ಅಂತ ನೆನೆಸಿಕೊಳ್ಳಿ. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟಾಗ ಅದರ ಜೊತೆಗೆ ಬಂದದ್ದು ಸುಮಾರು 80 ಲಕ್ಷ ರೂಪಾಯಿ ಸಾಲ. ಬರ ರಾಜ್ಯಕ್ಕೆ ಬಿಟ್ಟುಹೋದ ಲೆಕ್ಕ ಅದು.

ಮಾಂಡಲೆಯ ಬೆಳಗು

ಹೂಪರ್‌ನ ಕಥೆ ಇಲ್ಲಿಗೆ ಮುಗಿದಿದ್ರೆ, ಪಾಪ ಆತ ಡ್ಯೂಟಿ ಮಾಡಿದ ಅಂತ ಬಿಟ್ಟುಬಿಡಬಹುದಿತ್ತು. ಮುಗೀಲಿಲ್ಲ.

1885ರ ನವೆಂಬರ್‌ನಲ್ಲಿ ಬ್ರಿಟಿಷರು ಬರ್ಮಾ ಮೇಲೆ ಯುದ್ಧಕ್ಕೆ ಹೋದ್ರು. ಎರಡೇ ವಾರದಲ್ಲಿ ರಾಜ ಥೀಬಾ ಶರಣಾದ. ಆ ಸೈನ್ಯದ ಜೊತೆ ಹೂಪರ್ ಪ್ರೊವೋಸ್ಟ್ ಮಾರ್ಷಲ್ ಆಗಿ ಹೋಗಿದ್ದ. ಅಂದ್ರೆ ಸೈನ್ಯದ ಪೊಲೀಸ್ ಅಧಿಕಾರಿ, ಶಿಕ್ಷೆ ಜಾರಿ ಮಾಡೋದು ಅವನ ಕೆಲಸ. ಯುದ್ಧ, ಊರು, ಅರಮನೆ, ಜನ ಎಲ್ಲದರ ಫೋಟೋ ತೆಗೆದ. ಅದರಲ್ಲಿ 100 ಚಿತ್ರಗಳ ಆಲ್ಬಂ 1887ರಲ್ಲಿ ಹೊರಬಂತು. ಬರ್ಮಾದ ಇತಿಹಾಸಕ್ಕೆ ಅದು ಇವತ್ತಿಗೂ ಮುಖ್ಯ ದಾಖಲೆ.

ಆದ್ರೆ 1886ರ ಶುರುವಿನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಮಾಂಡಲೆಯಲ್ಲಿ ಡಕಾಯಿತರು ಅಂತ ಹಿಡಿದ ಬರ್ಮಾದವರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕುವಾಗ, ಸರಿಯಾಗಿ ಗುಂಡು ಬೀಳೋ ಕ್ಷಣ ಫೋಟೋದಲ್ಲಿ ಬರಲಿ ಅಂತ ಹೂಪರ್ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದ, ಗಾಜಿನ ಪ್ಲೇಟ್ ರೆಡಿ ಆಗೋ ತನಕ ಸಾಯಬೇಕಾದವರನ್ನು ಕಾಯಿಸಿದ ಅನ್ನೋದು ಆರೋಪ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ವಿಚಾರಣೆ ಆಯ್ತು. ಹೂಪರ್‌ಗೆ ಛೀಮಾರಿ ಹಾಕಿ ಸ್ವಲ್ಪ ಕಾಲ ಸಂಬಳ ಕಡಿತ ಮಾಡಿದ್ರು. ಅಷ್ಟೇ. ಕೆಲಸ ಹೋಗಲಿಲ್ಲ. ಕರ್ನಲ್ ಆಗಿ ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ. 1912ರಲ್ಲಿ ಡೆವನ್ ಅನ್ನೋ ಹಸಿರು ಸೀಮೆಯ ಒಂದು ಹಳ್ಳಿಯಲ್ಲಿ ತೀರಿಕೊಂಡ.

ಇನ್ನೂ ವಿಚಿತ್ರ ನೋಡಿ. ಮಾಂಡಲೆಯಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ ಕೊಂದದ್ದಕ್ಕಿಂತ ಅದರ ಫೋಟೋ ತೆಗೆದದ್ದಕ್ಕೇ ಲಂಡನ್ನಿಗೆ ಜಾಸ್ತಿ ಸಿಟ್ಟು ಬಂತು. ಕ್ಯಾಮೆರಾ ಇಲ್ಲದೆ ಗುಂಡಿಕ್ಕಿದ್ರೆ ಅದು ಶಿಸ್ತುಕ್ರಮ. ಕ್ಯಾಮೆರಾ ಬಂದ ತಕ್ಷಣ ಅವಮಾನ. ಹೂಪರ್ ಮಾಡಿದ್ದನ್ನು ಸಮರ್ಥಿಸೋಕೆ ಇದನ್ನು ಹೇಳ್ತಿಲ್ಲ. ಆದ್ರೆ ಫೋಟೋ ಅನ್ನೋದು ಮುಚ್ಚಿಟ್ಟದ್ದನ್ನು ಹೇಗೆ ಬಯಲಿಗೆ ಎಳೆಯುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

ನೋಡೋದು ಬೇರೆ, ಜೊತೆಗಿರೋದು ಬೇರೆ

ಹೂಪರ್ ಎತ್ತಿದ ಪ್ರಶ್ನೆ ಅವನ ಜೊತೆ ಸಾಯಲಿಲ್ಲ. 1993ರಲ್ಲಿ ಸುಡಾನಿನಲ್ಲಿ ಕುಸಿದು ಕೂತ ಮಗು, ಹಿಂದೆ ಕಾಯ್ತಿರೋ ರಣಹದ್ದು ಇರೋ ಫೋಟೋವನ್ನು ಕೆವಿನ್ ಕಾರ್ಟರ್ ತೆಗೆದ. 1994ರಲ್ಲಿ ಪುಲಿಟ್ಜರ್ ಬಹುಮಾನ ಬಂತು. ಮಗುವಿಗೆ ಏನು ಮಾಡಿದೆ ಅಂತ ಜಗತ್ತು ಅವನನ್ನು ಕೇಳ್ತಾನೇ ಇತ್ತು. ಅದೇ ವರ್ಷ ಆತ ತನ್ನ ಪ್ರಾಣ ಕಳೆದುಕೊಂಡ. 117 ವರ್ಷದ ಅಂತರ, ಪ್ರಶ್ನೆ ಒಂದೇ.

ಇದಕ್ಕೆ ಉತ್ತರದ ಹಾಗೆ ಇರೋ ಒಂದು ಬದುಕು ನಮ್ಮ ಕರ್ನಾಟಕದಲ್ಲೇ ಇದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿ ಫೋಟೋ ಪತ್ರಕರ್ತರಾದ್ರು. ವಿಶ್ವ ಆರೋಗ್ಯ ಸಂಸ್ಥೆಗೆ ಸಿಡುಬು ನಿರ್ಮೂಲನೆಯ ಕೆಲಸವನ್ನು ಹಳ್ಳಿ ಹಳ್ಳಿ ಸುತ್ತಿ ದಾಖಲಿಸಿದ್ರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಇಟ್ಟಿತು. ಸತ್ಯನ್ ಅವರೂ ಬಡತನವನ್ನು ನೋಡಿದ್ರು, ರೋಗವನ್ನು ನೋಡಿದ್ರು. ಆದ್ರೆ ಅವರ ಚಿತ್ರದ ಮಕ್ಕಳು ಆಡ್ತಾರೆ, ನಗ್ತಾರೆ, ಕೆಲಸ ಮಾಡ್ತಾರೆ. ಅವರಿಗೊಂದು ಬೆಳಗು, ಒಂದು ಸಂಜೆ ಇದೆ ಅಂತ ನಮಗೆ ಅನ್ಸುತ್ತೆ. ಹೂಪರ್‌ನ ಚಿತ್ರದವರಿಗೆ ಆ ಒಂದು ಕ್ಷಣ ಬಿಟ್ರೆ ಬೇರೆ ಏನೂ ಇಲ್ಲ. ಅವರು ಯಾವ ಊರವರು, ಯಾವ ಬೆಳೆ ಇಡ್ತಿದ್ರು, ಆ ಹೆಂಗಸಿನ ಮಡಿಲಲ್ಲಿರೋದು ಅವಳದೇ ಮಗುವಾ, ಯಾವುದಕ್ಕೂ ಚಿತ್ರದಲ್ಲಿ ಜಾಗ ಇಲ್ಲ.

ಈಗ ನಮ್ಮ ತಾಲ್ಲೂಕುಗಳಿಗೆ ಬರೋಣ. ಪಾವಗಡ ಅಂದ್ರೆ ಇವತ್ತು ನೆಟ್‌ನಲ್ಲಿ ಬರೋದು ಸೋಲಾರ್ ಪಾರ್ಕ್. ತಿರುಮಣಿ ಸುತ್ತ ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮೇಲಿಂದ ಡ್ರೋನ್ ಹಾರಿಸಿ ತೆಗೆದ ಚಿತ್ರ ನೀಲಿ ಸಮುದ್ರದ ಹಾಗೆ ಚಂದ ಕಾಣುತ್ತೆ. ನಾನೂ ಅದನ್ನು ಸ್ಟೇಟಸ್‌ಗೆ ಹಾಕಿದ್ದೀನಿ. ಜಮೀನನ್ನು ಗುತ್ತಿಗೆಗೆ ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬರುತ್ತೆ. ಸ್ವಂತ ಜಮೀನಿಲ್ಲದೆ ಆ ಹೊಲಗಳಲ್ಲಿ ಕಳೆ ಕೀಳ್ತಿದ್ದ ಹೆಂಗಸಿಗೆ ಬಾಡಿಗೆ ಬರಲ್ಲ. ಡ್ರೋನ್ ಎತ್ತರದಿಂದ ಇವರಿಬ್ಬರೂ ಕಾಣಲ್ಲ. ನೂರೈವತ್ತು ವರ್ಷದ ಹಿಂದೆ ಎದುರಿಗೇ ಇದ್ದ ಮನುಷ್ಯ ಮಾದರಿಯಾಗಿ ಕಂಡ, ಈಗ ಚುಕ್ಕಿಯಾಗಿಯೂ ಕಾಣ್ತಿಲ್ಲ.

ನಮ್ಮ ಎಲ್ಲರ ಜೇಬಲ್ಲೂ ಹೂಪರ್ ಕನಸಲ್ಲೂ ಕಾಣದಂಥ ಕ್ಯಾಮೆರಾ ಇದೆ. ಡೇರೆ ಬೇಡ, ಈಥರ್ ಬೇಡ, ಎದುರಿಗಿರುವವರು ಉಸಿರು ಬಿಗಿಹಿಡಿದು ಕೂರಬೇಕಾಗಿಲ್ಲ. ಶಿರಾದ ಸಂತೆಯಲ್ಲಿ ಕಡಲೆಕಾಯಿ ಅಳೆಯೋರು, ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಬೆಳಗ್ಗೆ ಐದಕ್ಕೆ ಬೆಂಗಳೂರು ಬಸ್ಸಿಗೆ ಕಾಯೋ ಕೂಲಿಯವರು, ಕೊರಟಗೆರೆಯ ಹಳ್ಳಿಗಳಲ್ಲಿ ಹುಣಸೆಹಣ್ಣು ಬಡಿಯೋರು, ಪಾವಗಡದಲ್ಲಿ ಫ್ಲೋರೈಡ್ ಇಲ್ಲದ ನೀರಿಗೆ ಕ್ಯಾನ್ ಹಿಡಿದು ನಿಂತವರು. ಇವರ ಕಥೆಯನ್ನು ಹೇಳೋಕೆ ಯಾರೂ ಲಂಡನ್ನಿನಿಂದ ಬರಬೇಕಾಗಿಲ್ಲ. ಮೊದಲು ಹೆಸರು ಕೇಳಿ. ಫೋಟೋ ತೆಗೀಬಹುದಾ ಅಂತ ಕೇಳಿ. ತೆಗೆದ ಮೇಲೆ ಅವರಿಗೇ ತೋರಿಸಿ. ಆಮೇಲೆ ಅವರ ನಂಬರ್‌ಗೇ ಕಳಿಸಿ. ಮದ್ರಾಸಿನ ಆ ಗುಂಪಿನಲ್ಲಿ ಕೂತವರು ಯಾರೂ ತಮ್ಮ ಫೋಟೋವನ್ನು ನೋಡಲಿಲ್ಲ. ಅದನ್ನು ನೋಡಿದವರು ನಾವು.